ಕೆಂಪು ಬಾಣ ಯಾರ ಕಡೆ? ನ್ಯೂಜಿಲೆಂಡ್ ರಸ್ತೆಗಳಲ್ಲಿ ಹತ್ತು ದಿನ

ನಾನು ಕಾರು ಓಡಿಸಲು ಕಲಿತು ಹದಿನಾಲ್ಕು ವರ್ಷ ಆಯಿತು. ಓಡಿಸಿದ್ದೆಲ್ಲ ಮಲೆನಾಡಿನಲ್ಲೇ. ಆಗುಂಬೆ ತಿರುವು, ಹುಲಿಕಲ್ ಘಾಟಿ, ಮಳೆಗಾಲದ ತೀರ್ಥಹಳ್ಳಿ ರಸ್ತೆ. ನ್ಯೂಜಿಲೆಂಡ್‌ನಲ್ಲೂ ನಮ್ಮ ಹಾಗೆ ರಸ್ತೆಯ ಎಡಗಡೆಯೇ ಹೋಗುವುದು, ಸ್ಟಿಯರಿಂಗ್ ಬಲಗಡೆಯೇ ಇರುವುದು ಎಂದು ತಿಳಿದಾಗ ಅರ್ಧ ಚಿಂತೆ ಕಳೆದ ಹಾಗಾಯಿತು. ಆ ಚಿಂತೆ ಅಷ್ಟು ಬೇಗ ಕಳೆಯಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಡಿಸೆಂಬರ್ ಮೊದಲ ವಾರ ಹೊರಟೆವು. ನಾನು, ನಮ್ಮ ಮನೆಯವರು, ಆರು ವರ್ಷದ ಪುಟ್ಟ, ಜೊತೆಗೆ ನಮ್ಮ ಅತ್ತೆ. ಅತ್ತೆಗೆ ಅರವತ್ತೆಂಟು. ಸಾಗರದ ಕಡೆಯವರು. ಮನೆಯವರಿಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಸುಮಾರು 1,900 ಕಿಲೋಮೀಟರ್ ನನ್ನ ಪಾಲಿಗೇ ಬಂತು.

ಹೊರಡುವ ಮುಂಚೆ ಆರ್‌ಟಿಓ ಕಚೇರಿಗೆ ಹೋಗಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡೆ. 1,000 ರೂಪಾಯಿ ಶುಲ್ಕ, ಒಂದು ವರ್ಷ ನಡೆಯುತ್ತದೆ. ಪಾಸ್‌ಪೋರ್ಟು, ವೀಸಾ, ಲೈಸೆನ್ಸ್ ತೋರಿಸಬೇಕು. ನ್ಯೂಜಿಲೆಂಡ್‌ನ ಕಾನೂನಿಗೆ ಲೈಸೆನ್ಸ್ ಇಂಗ್ಲಿಷ್‌ನಲ್ಲಿದ್ದರೆ ಸಾಕು. ನಮ್ಮ ಸ್ಮಾರ್ಟ್ ಕಾರ್ಡ್‌ನಲ್ಲಿ ವಿವರ ಇಂಗ್ಲಿಷ್‌ನಲ್ಲೇ ಇರುತ್ತದೆ. ಆದರೂ ಪರ್ಮಿಟ್ ಜೊತೆಗಿದ್ದರೆ ಧೈರ್ಯ. ಒಂದು ಮಾತ್ರ ನೆನಪಿರಲಿ, ಪರ್ಮಿಟ್ ಎನ್ನುವುದು ಲೈಸೆನ್ಸ್‌ನ ಜೊತೆಗಾರ ಅಷ್ಟೇ. ಅದೊಂದನ್ನೇ ಹಿಡಿದುಕೊಂಡು ಹೋದರೆ ನಡೆಯುವುದಿಲ್ಲ. ಡಿಜಿಲಾಕರ್ ಅಭ್ಯಾಸದಲ್ಲಿ ಮೂಲ ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಬರಬೇಡಿ. ಕಾರಿನ ಕೌಂಟರ್‌ನಲ್ಲಿ ಮೊದಲು ಕೇಳಿದ್ದೇ ಅದನ್ನು.

ದಿನ 1: ಕ್ರೈಸ್ಟ್‌ಚರ್ಚ್, ಕಾರು ಇಲ್ಲದೆ

ಸಿಂಗಾಪುರದಿಂದ ಸುಮಾರು ಹತ್ತು ಗಂಟೆ ಹಾರಿ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದಾಗ ಅಲ್ಲಿ ಬೆಳಿಗ್ಗೆ. ನಮ್ಮ ಊರಿನ ಗಡಿಯಾರಕ್ಕಿಂತ ಏಳೂವರೆ ಗಂಟೆ ಮುಂದೆ. ಅತ್ತೆಯ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಎಲ್ಲವನ್ನೂ ದೇಶದೊಳಗೆ ಬರುವಾಗ ತುಂಬುವ ಅರ್ಜಿಯಲ್ಲಿ ಬರೆದುಕೊಟ್ಟಿದ್ದೆವು. ಬಿಚ್ಚಿ ನೋಡಿ ವಾಪಸ್ ಕೊಟ್ಟರು. ಮುಚ್ಚಿಟ್ಟು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ.

ವಿಮಾನ ನಿಲ್ದಾಣದಲ್ಲೇ ಕಾರು ತೆಗೆದುಕೊಳ್ಳಬಹುದಿತ್ತು. ನಾನೇ ಬೇಡ ಅಂದೆ. ರಾತ್ರಿಯಿಡೀ ಕಣ್ಣು ಮುಚ್ಚಿರಲಿಲ್ಲ. ಆ ದೇಹ ಇಟ್ಟುಕೊಂಡು ಗೊತ್ತಿಲ್ಲದ ರಸ್ತೆಗೆ ಇಳಿಯುವುದು ಬೇಡ ಅನ್ನಿಸಿತು. ಇಡೀ ಪ್ರವಾಸದಲ್ಲಿ ನಾನು ಮಾಡಿದ ಒಳ್ಳೆಯ ತೀರ್ಮಾನ ಅದು. ಬಸ್ಸಿನಲ್ಲಿ ಊರೊಳಗೆ ಹೋದೆವು. ಏವನ್ ಹೊಳೆಯ ದಡದಲ್ಲಿ ಕೂತು, ರಸ್ತೆಯಲ್ಲಿ ಜನ ಹೇಗೆ ಓಡಿಸುತ್ತಾರೆ ಎಂದು ಸುಮ್ನೆ ನೋಡಿದೆ. ಒಂದು ತಾಸು ಕೂತರೂ ಒಂದೇ ಒಂದು ಹಾರ್ನ್ ಕೇಳಲಿಲ್ಲ. ಅತ್ತೆ, "ಎಂಥದೇ ಇದು, ಇಷ್ಟು ಗಾಡಿ ಉಂಟು, ಸದ್ದೇ ಇಲ್ಲ" ಅಂದರು.

ದಿನ 2: ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ

ಕೌಂಟರ್‌ನಲ್ಲಿ ಇದ್ದ ಹುಡುಗ ಪುಟ್ಟನನ್ನು ನೋಡಿ ಮೊದಲು ಅವನ ವಯಸ್ಸು ಕೇಳಿದ. ಅಲ್ಲಿ ಏಳು ವರ್ಷ ತುಂಬುವವರೆಗೆ ಮಕ್ಕಳು ಮಕ್ಕಳ ಸೀಟಿನಲ್ಲೇ ಕೂರಬೇಕು. ತೊಡೆಯ ಮೇಲೆ ಕೂರಿಸಿಕೊಳ್ಳುವ ಮಾತೇ ಇಲ್ಲ. ನಾವು ಮೊದಲೇ ಹೇಳಿಟ್ಟಿದ್ದರಿಂದ ಸೀಟು ಸಿದ್ಧವಿತ್ತು.

ವಿಮೆಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿದೆ. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಅಲ್ಲಿ ವಾಹನ ವಿಮೆ ಕಡ್ಡಾಯವೇ ಅಲ್ಲ. ಅಪಘಾತದಲ್ಲಿ ಮೈಗೆ ಪೆಟ್ಟಾದರೆ ಪ್ರವಾಸಿಗರ ಚಿಕಿತ್ಸೆಗೂ ಸರ್ಕಾರದ ಒಂದು ಯೋಜನೆ ನೆರವಾಗುತ್ತದೆ. ಗಾಡಿಗೆ ಗಾಡಿ ತಾಗಿದರೆ ಅದರ ಲೆಕ್ಕ ಬೇರೆ. ಕಾರಿನ ಜೊತೆ ವಿಮೆ ಇರುತ್ತದೆ, ಆದರೆ ಏನಾದರೂ ಆದರೆ ಮೊದಲ ಇಷ್ಟು ಸಾವಿರ ಡಾಲರ್ ನಮ್ಮ ಕೈಯಿಂದ ಎಂದು ಒಪ್ಪಂದದಲ್ಲಿ ಬರೆದಿರುತ್ತದೆ. ಆ ಮೊತ್ತ ಕಡಿಮೆ ಮಾಡಿಕೊಳ್ಳಲು ದಿನಕ್ಕೆ ಇಷ್ಟು ಎಂದು ಹೆಚ್ಚಿಗೆ ಕಟ್ಟಬೇಕು. ನಾವು ಕಟ್ಟಿದೆವು. ಯಾವ ರಸ್ತೆಗೆ ಹೋದರೆ ವಿಮೆ ನಡೆಯುವುದಿಲ್ಲ ಎಂದೂ ಕೇಳಿಕೊಳ್ಳಬೇಕು. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ರಸ್ತೆಯ ಹೆಸರನ್ನು ಆ ಹುಡುಗ ಎರಡು ಸಲ ಹೇಳಿ, ಅಲ್ಲಿಗೆ ಬಾಡಿಗೆ ಕಾರು ಒಯ್ಯಬೇಡಿ ಅಂದ.

ಡ್ಯಾಶ್‌ಬೋರ್ಡ್ ಮೇಲೆ ಎಡಗಡೆಯೇ ಇರಿ ಎಂಬ ಬಾಣದ ಸ್ಟಿಕ್ಕರ್ ಇತ್ತು. ನನಗೆ ಅದರ ಅಗತ್ಯ ಇಲ್ಲ ಅಂದುಕೊಂಡೆ.

ಮೂರನೇ ಸಿಗ್ನಲ್‌ನಲ್ಲಿ ತಪ್ಪು ಮಾಡಿದೆ. ನಾನು ಎಡಕ್ಕೆ ತಿರುಗಬೇಕಿತ್ತು. ದೀಪ ಕೆಂಪಾಗಿತ್ತು. ಹದಿನಾಲ್ಕು ವರ್ಷದ ಅಭ್ಯಾಸ, ಫ್ರೀ ಲೆಫ್ಟ್ ಎಂದು ಕಾಲು ತಾನಾಗಿಯೇ ಬ್ರೇಕಿನಿಂದ ಮೇಲೆ ಬಂತು. ಕಾರು ಎರಡು ಅಡಿ ಮುಂದೆ ಹೋಗಿತ್ತು. ಮನೆಯವರು "ನಿಲ್ಲಿಸು, ನಿಲ್ಲಿಸು" ಎಂದು ಕೂಗಿದರು. ಎಡಗಡೆಯ ಅಡ್ಡದಾರಿಯಲ್ಲಿ ಒಬ್ಬ ತಾಯಿ ಮಗುವಿನ ಗಾಡಿ ತಳ್ಳಿಕೊಂಡು ರಸ್ತೆಗೆ ಇಳಿಯುತ್ತಿದ್ದಳು. ನಮ್ಮ ಕಡೆ ನೋಡಲೂ ಇಲ್ಲ. ಅವಳಿಗೆ ಹಸಿರು ಬಿದ್ದಿತ್ತು, ಯಾರೂ ಬರುವುದಿಲ್ಲ ಎಂಬ ನಂಬಿಕೆಯಲ್ಲಿ ಇಳಿದಿದ್ದಳು.

ಅಲ್ಲಿ ಕೆಂಪು ಅಂದರೆ ಎಡಕ್ಕೂ ಕೆಂಪೇ. ನನ್ನ ಕೈ ನಡುಗುತ್ತಿತ್ತು. ಮುಂದಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ನೀರು ಕುಡಿದು ಹತ್ತು ನಿಮಿಷ ಕೂತೆ. ಅಮೆರಿಕದಲ್ಲಿ ಬಲಗಡೆ ಓಡಿಸುವಾಗ ನಮ್ಮವರು ಮೈಯೆಲ್ಲ ಕಣ್ಣಾಗಿರುತ್ತಾರೆ. ಎಲ್ಲವೂ ಉಲ್ಟಾ ಎಂದು ಗೊತ್ತಿರುತ್ತದೆ. ಇಲ್ಲಿ ಎಲ್ಲವೂ ನಮ್ಮ ಹಾಗೇ ಕಾಣುತ್ತದೆ. ಅದಕ್ಕೇ ಕಾಲು ನಮ್ಮನ್ನು ಕೇಳದೆ ಕೆಲಸ ಮಾಡುತ್ತದೆ. ಆ ಬಂಕಿನಲ್ಲಿ ಕೂತಾಗ ನಾನು ತೀರ್ಮಾನಿಸಿದ್ದು ಒಂದೇ. ನನಗೆ ಓಡಿಸಲು ಬರುತ್ತದೆ, ಈ ರಸ್ತೆ ಬರುವುದಿಲ್ಲ. ಕಲಿಯಬೇಕು.

ಊರು ದಾಟಿದ ಮೇಲೆ ಕ್ಯಾಂಟರ್‌ಬರಿಯ ಬಯಲು. ಕಣ್ಣು ಹಾಯಿಸಿದಷ್ಟು ದೂರ ಹುಲ್ಲು, ನೀರು ಚಿಮ್ಮುತ್ತಾ ಗದ್ದೆಯ ಮೇಲೆ ಉರುಳುವ ಉದ್ದನೆಯ ಯಂತ್ರಗಳು, ಕಪ್ಪು ಬಿಳಿ ಹಸುಗಳು. ಹೆದ್ದಾರಿಯಲ್ಲಿ ವೇಗದ ಮಿತಿ 100. ಊರು ಬಂದ ಕೂಡಲೇ 50. ನಡುವೆ ಮೆಲ್ಲಗೆ ಇಳಿಸಲು ಜಾಗವೇ ಇರುವುದಿಲ್ಲ. ಫಲಕ ಕಂಡ ಜಾಗದಲ್ಲೇ ಕಾರು 50ಕ್ಕೆ ಬಂದಿರಬೇಕು. ಒಂದು ಸಣ್ಣ ಊರಿನ ಅಂಚಿನಲ್ಲಿ ರಸ್ತೆ ಬದಿ ಸ್ಟ್ರಾಬೆರಿ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ. ಒಂದು ಡಬ್ಬಿ, ಅದರ ಮೇಲೆ ಬೆಲೆ. ದುಡ್ಡು ಹಾಕಿ ಹಣ್ಣು ತೆಗೆದುಕೊಂಡು ಹೋಗುವುದು. ಅತ್ತೆ ನಾಣ್ಯ ಎಣಿಸಿ ಎಣಿಸಿ ಹಾಕಿದರು. ಅಷ್ಟು ಸಿಹಿಯಾದ ಸ್ಟ್ರಾಬೆರಿ ನಾನು ತಿಂದಿರಲಿಲ್ಲ. ಬೆರಳೆಲ್ಲ ಕೆಂಪಾಗಿ, ಪುಟ್ಟ ಹಿಂದಿನಿಂದ ಇನ್ನೊಂದು ಇನ್ನೊಂದು ಅನ್ನುತ್ತಾ, ನಾವು ಖುಷಿಯಲ್ಲಿ ಆ ಊರು ದಾಟಿದೆವು.

ಜೆರಾಲ್ಡೀನ್ ಕಳೆದ ಮೇಲೆ ಮೂರು ಗಂಟೆಯ ಹೊತ್ತಿಗೆ ಎದುರಿನಿಂದ ಬಂದ ಶಾಲಾ ಬಸ್ಸು ನಿಂತು ಮಕ್ಕಳನ್ನು ಇಳಿಸುತ್ತಿತ್ತು. ಬಸ್ಸು ನಮ್ಮ ಬದಿಯಲ್ಲಿ ಇಲ್ಲವಲ್ಲ ಎಂದು ಹೋಗುವ ಹಾಗಿಲ್ಲ. ನಿಂತ ಶಾಲಾ ಬಸ್ಸನ್ನು ಯಾವ ಕಡೆಯಿಂದ ದಾಟಿದರೂ ವೇಗ 20 ಮೀರಬಾರದು. ಮೊದಲೇ ಓದಿಕೊಂಡಿದ್ದೆ. ಇಳಿಸಿದೆ. ಹಿಂದೆ ಬಂದ ದೊಡ್ಡ ಹಾಲಿನ ಟ್ಯಾಂಕರ್ ಕೂಡ ನಮ್ಮ ಹಿಂದೆ ತೆವಳಿಕೊಂಡೇ ಬಂತು. ಮಕ್ಕಳು ಕೈ ಬೀಸಿದರು.

ಟೆಕಾಪೊ ತಲುಪಿದಾಗ ಸಂಜೆ ಆರು. ಆದರೆ ಬಿಸಿಲು ಇನ್ನೂ ನಡುಮಧ್ಯಾಹ್ನದ ಹಾಗಿತ್ತು. ಅಲ್ಲಿ ಡಿಸೆಂಬರ್‌ನಲ್ಲಿ ಕತ್ತಲಾಗುವುದು ಒಂಬತ್ತರ ಮೇಲೆ. ಬೆಳಕಿದೆ ಎಂದು ಓಡಿಸುತ್ತಾ ಹೋದರೆ ದಣಿವು ಗೊತ್ತೇ ಆಗುವುದಿಲ್ಲ. ಕೆರೆಯ ದಡದಲ್ಲೆಲ್ಲ ಲೂಪಿನ್ ಹೂವು, ನೇರಳೆ, ಗುಲಾಬಿ, ಬಿಳಿ. ಅದು ಅಲ್ಲಿಯ ಗಿಡವಲ್ಲ, ಕಳೆಯ ಹಾಗೆ ಹಬ್ಬಿ ಹೊಳೆದಂಡೆಯ ಹಕ್ಕಿಗಳಿಗೆ ತೊಂದರೆ ಕೊಡುತ್ತದಂತೆ. ನಮ್ಮಲ್ಲಿ ಲಂಟಾನ ಇದ್ದ ಹಾಗೆ. ರಾತ್ರಿ ಮೋಟೆಲ್‌ನ ಅಡುಗೆಮನೆಯಲ್ಲಿ ಅನ್ನ, ಮೊಸರು, ಅಪ್ಪೆಮಿಡಿ. ಹೊರಗೆ ಬಂದು ತಲೆ ಎತ್ತಿದರೆ ಆಕಾಶದಲ್ಲಿ ಖಾಲಿ ಜಾಗವೇ ಇರಲಿಲ್ಲ. 2012ರಿಂದ ಆ ಸೀಮೆಯನ್ನು ಕತ್ತಲೆಯ ಆಕಾಶಕ್ಕೆಂದೇ ಕಾಪಾಡಿಕೊಂಡು ಬಂದಿದ್ದಾರೆ.

ದಿನ 3: ಪುಕಾಕಿ ಕೆರೆ, ಔರಾಕಿ

ಔರಾಕಿ ಅಂದರೆ ಮೌಂಟ್ ಕುಕ್, 3,724 ಮೀಟರ್. ಪುಕಾಕಿ ಕೆರೆಯ ಬದಿಯ ರಸ್ತೆಗೆ ತಿರುಗಿದ ಕೂಡಲೇ ಅದು ಎದುರಿಗೆ ನಿಲ್ಲುತ್ತದೆ. ಕೆರೆಯ ಬಣ್ಣ ಹೇಗೆ ಹೇಳಲಿ? ನೀಲಿಗೆ ಹಾಲು ಬೆರೆಸಿದ ಹಾಗೆ. ಹಿಮನದಿ ಬಂಡೆಯನ್ನು ಅರೆದು ತಂದ ಹಿಟ್ಟು ನೀರಿನಲ್ಲಿ ತೇಲುವುದರಿಂದ ಆ ಬಣ್ಣ.

ಎಲ್ಲರೂ ಒಟ್ಟಿಗೆ "ನಿಲ್ಲಿಸು" ಅಂದರು. ನಾನೂ ಮನಸೋತು ರಸ್ತೆ ಬದಿಯ ಹುಲ್ಲಿಗೆ ಇಳಿಸಿದೆ. ಕಾರಿನ ಹಿಂದಿನ ಚಕ್ರ ಬಿಳಿ ಗೆರೆಯ ಒಳಗೇ ಉಳಿದಿತ್ತು. ಫೋಟೋ ತೆಗೆಯುತ್ತಿದ್ದಾಗ ಒಂದು ಹಳೆಯ ಪಿಕಪ್ ನಮ್ಮನ್ನು ದಾಟಿ, ಮುಂದೆ ಪೂರ್ತಿ ರಸ್ತೆ ಬಿಟ್ಟು ನಿಂತಿತು. ಹಿಂದೆ ಎರಡು ನಾಯಿ. ಇಳಿದು ಬಂದವರು ಅರವತ್ತರ ಆಸುಪಾಸಿನ ಕುರಿ ಸಾಕುವ ರೈತ. ಬೈಯಲು ಬಂದರು ಅಂದುಕೊಂಡೆ. ಅವರು ಮೊದಲು ಅತ್ತೆಗೆ ಶುಭೋದಯ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಕಾರಿನ ಹಿಂಭಾಗ ತೋರಿಸಿದರು.

"ಈ ರಸ್ತೆಯಲ್ಲಿ ಲಾರಿ ನೂರರಲ್ಲಿ ಬರುವುದಿಲ್ಲ, ಆದರೆ ತೊಂಬತ್ತರಲ್ಲಿ ಬರುತ್ತದೆ. ಅವನೂ ಬೆಟ್ಟವನ್ನೇ ನೋಡುತ್ತಿರುತ್ತಾನೆ. ಬೆಟ್ಟ ಎಲ್ಲಿಗೂ ಓಡಿ ಹೋಗುವುದಿಲ್ಲ ಮಗಳೇ. ಮುಂದೆ ನಿಲ್ಲಿಸುವುದಕ್ಕೇ ಜಾಗ ಮಾಡಿದ್ದಾರೆ, ಪೀಟರ್ಸ್ ಲುಕ್‌ಔಟ್ ಅಂತ. ಇಲ್ಲಿಗಿಂತ ಚೆನ್ನಾಗಿ ಕಾಣುತ್ತದೆ."

ನಾನು ಕ್ಷಮೆ ಕೇಳಿದೆ. ಅವರು ಅಲ್ಲೇ ನಿಂತು ಇನ್ನೂ ಸ್ವಲ್ಪ ಮಾತಾಡಿದರು. ಯಾರಾದರೂ ಗಾಬರಿ ಹುಟ್ಟಿಸುವ ಹಾಗೆ ಓಡಿಸುತ್ತಿದ್ದರೆ ಊರಿನವರು ನಕ್ಷತ್ರ ಚಿಹ್ನೆ ಒತ್ತಿ 555ಕ್ಕೆ ಫೋನ್ ಮಾಡುತ್ತಾರಂತೆ. ಪೊಲೀಸರು ಬಂದು ನಿಲ್ಲಿಸಿ ನೋಡುತ್ತಾರೆ. "ನಿಮ್ಮ ಮೇಲೆ ಸಿಟ್ಟಿನಿಂದ ಅಲ್ಲ. ಇಲ್ಲಿ ಆಸ್ಪತ್ರೆ ದೂರ" ಅಂದರು. ಆಮೇಲೆ ಪುಟ್ಟನಿಗೆ ನಾಯಿ ಮುಟ್ಟಲು ಕೊಟ್ಟರು.

ಪೀಟರ್ಸ್ ಲುಕ್‌ಔಟ್‌ನಲ್ಲಿ ನಿಜಕ್ಕೂ ಚೆನ್ನಾಗಿ ಕಂಡಿತು. ಆದರೆ ಅಲ್ಲಿ ಬೇರೆ ಕಥೆಯಾಯಿತು. ಮನೆಯವರು ಬಾಗಿಲು ತೆಗೆದದ್ದೇ ತಡ, ಹಿಂದಿನಿಂದ ಬೀಸಿದ ಗಾಳಿ ಅದನ್ನು ಕೈಯಿಂದ ಕಿತ್ತುಕೊಂಡಿತು. ಬಾಗಿಲು ತೆರೆಯಬೇಕಾದ್ದಕ್ಕಿಂತ ಜಾಸ್ತಿ ತೆರೆದು ಕೀಲು ಮಡಿಚಿತು. ಮುಚ್ಚಿದರೆ ಒಂದು ಬೆರಳು ಸಂದು. ರಾತ್ರಿ ಒಪ್ಪಂದ ತೆಗೆದು ಓದಿದರೆ, ಗಾಳಿಯಿಂದ ಬಾಗಿಲಿಗಾಗುವ ಹಾನಿ ವಿಮೆಗೆ ಸೇರುವುದಿಲ್ಲ ಎಂದು ಸಾಲು ಸ್ಪಷ್ಟವಾಗಿತ್ತು. ನೀವು ಹೋದರೆ ಗಾಳಿಗೆ ಮುಖ ಮಾಡಿ ಕಾರು ನಿಲ್ಲಿಸಿ. ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ತೆರೆಯಿರಿ. ಒಬ್ಬರು ತೆರೆದ ಮೇಲೆ ಇನ್ನೊಬ್ಬರು.

ದಿನ 4 ಮತ್ತು 5: ಲಿಂಡಿಸ್ ಪಾಸ್, ಕ್ವೀನ್ಸ್‌ಟೌನ್, ಟೆ ಅನೌ

ಲಿಂಡಿಸ್ ಪಾಸ್ 971 ಮೀಟರ್ ಎತ್ತರ. ಮರವೇ ಇಲ್ಲದ ಗುಡ್ಡಗಳು, ಒಣ ಹುಲ್ಲಿನ ಬಣ್ಣ. ಒಂದರ ಹಿಂದೆ ಒಂದು ಮಡಿಕೆ ಮಡಿಕೆಯಾಗಿ ಮಲಗಿವೆ. ಇಲ್ಲಿ ತಿರುವುಗಳ ಮುಂಚೆ ಹಳದಿ ಫಲಕದಲ್ಲಿ ಸಂಖ್ಯೆ ಬರೆದಿರುತ್ತದೆ: 65, 45, ಕೆಲವು ಕಡೆ 25. ಅದು ಕಾನೂನಿನ ಮಿತಿ ಅಲ್ಲ, ಸಲಹೆ. ಆದರೆ ಆ ಸಲಹೆಯನ್ನು ನಂಬಬೇಕು. 35 ಎಂದು ಬರೆದ ತಿರುವಿಗೆ 35 ಸರಿಯಾಗಿ ಹೊಂದುತ್ತದೆ. ಮಿತಿ 100 ಇದೆಯಲ್ಲ ಎಂದು 100ರಲ್ಲೇ ಹೋಗಲು ಆಗುವುದೇ ಇಲ್ಲ. ಮ್ಯಾಪ್ ಮೂರು ಗಂಟೆ ಅಂದರೆ ನಮಗೆ ನಾಲ್ಕೂವರೆ ಆಯಿತು. ದಿನಕ್ಕೆ ಇಷ್ಟು ಎಂದು ಲೆಕ್ಕ ಹಾಕುವಾಗ ಈ ಒಂದೂವರೆ ಗಂಟೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಅವಸರ ಶುರುವಾಗುತ್ತದೆ.

ನಾನು ನಿಧಾನ ಹೋಗುತ್ತಿದ್ದುದರಿಂದ ಹಿಂದೆ ಐದಾರು ಗಾಡಿ ಸೇರಿದವು. ಯಾರೂ ಹಾರ್ನ್ ಹೊಡೆಯಲಿಲ್ಲ, ಹೆಡ್‌ಲೈಟ್ ಹಾಕಲಿಲ್ಲ. ನಡುವೆ ಹಳದಿ ಗಟ್ಟಿ ಗೆರೆ ನಮ್ಮ ಬದಿಗಿದ್ದರೆ ಯಾರೂ ಅದನ್ನು ದಾಟಿ ಓವರ್‌ಟೇಕ್ ಮಾಡುವ ಹಾಗಿಲ್ಲ. ಅವರು ಕಾಯುತ್ತಾ ಬಂದರು. ಆ ಸುಮ್ಮನಿರುವಿಕೆ ನೋಡಿ ನನಗೇ ಕಸಿವಿಸಿಯಾಯಿತು. ಎಡಕ್ಕೆ ಅಗಲ ಜಾಗ ಸಿಕ್ಕ ಕಡೆ ಇಂಡಿಕೇಟರ್ ಹಾಕಿ ಪಕ್ಕಕ್ಕೆ ಸರಿದೆ. ದಾಟಿದ ಪ್ರತಿಯೊಬ್ಬರೂ ಕೈ ಎತ್ತಿದರು. ನಿಧಾನ ಹೋಗುವವರು ಎಡಕ್ಕೆ ಸರಿದು ದಾರಿ ಕೊಡುವುದು ಅಲ್ಲಿ ನಿಯಮವೂ ಹೌದು. ಆಮೇಲೆ ದಿನವೂ ಮಾಡಿದೆ. ಹಿಂದೆ ಎರಡು ಗಾಡಿ ಕಂಡರೆ ಪುಟ್ಟನೇ "ಅಮ್ಮಾ, ಸರಿ" ಅನ್ನುತ್ತಿದ್ದ.

ಕ್ರಾಮ್‌ವೆಲ್‌ನಲ್ಲಿ ಹಣ್ಣಿನ ಐಸ್‌ಕ್ರೀಂ ತಿಂದೆವು. ಕ್ವೀನ್ಸ್‌ಟೌನ್‌ನಲ್ಲಿ ಜನ ಜಾಸ್ತಿ, ಕಾರು ನಿಲ್ಲಿಸಲು ಜಾಗ ಕಡಿಮೆ. ರಸ್ತೆ ಅಂಚಿನಲ್ಲಿ ಹಳದಿ ತುಂಡು ಗೆರೆ ಇದ್ದರೆ ಅಲ್ಲಿ ನಿಲ್ಲಿಸಬಾರದು. ಅಷ್ಟು ನೆನಪಿಟ್ಟುಕೊಂಡು ಒಂದು ರಾತ್ರಿ ಕಳೆದು ಹೊರಟೆವು.

ಟೆ ಅನೌ ದಾರಿಯಲ್ಲಿ ಮಧ್ಯಾಹ್ನವೇ ಪೊಲೀಸರು ಎಲ್ಲ ಗಾಡಿಗಳನ್ನೂ ನಿಲ್ಲಿಸುತ್ತಿದ್ದರು. ಎದೆ ಧಸಕ್ಕೆಂದಿತು. ನಮ್ಮಲ್ಲಿ ನಿಲ್ಲಿಸಿದರು ಅಂದರೆ ಮೊದಲು ಮನಸ್ಸು ಏನು ತಪ್ಪಾಯಿತು ಎಂದು ಹುಡುಕುತ್ತದೆ ಅಲ್ವಾ? ಪೊಲೀಸ್ ಹೆಂಗಸು ಒಂದು ಸಣ್ಣ ಯಂತ್ರ ಬಾಯಿಯ ಹತ್ತಿರ ಹಿಡಿದು, ಒಂದರಿಂದ ಹತ್ತು ಎಣಿಸಿ ಅಂದಳು. ಎಣಿಸಿದೆ. ಪುಟ್ಟನೂ ಹಿಂದಿನಿಂದ ಒಂದು, ಎರಡು, ಮೂರು ಎಂದು ಕನ್ನಡದಲ್ಲಿ ಎಣಿಸಿದ. ಆಕೆ ಅವನು ಹತ್ತು ಮುಗಿಸುವವರೆಗೆ ಕಾದು, ಲೈಸೆನ್ಸ್ ನೋಡಿ, ಒಳ್ಳೆಯ ಪ್ರಯಾಣ ಎಂದು ಕಳಿಸಿದಳು. ಅಲ್ಲಿ ಮದ್ಯದ ತಪಾಸಣೆಗೆ ಯಾರನ್ನು ಬೇಕಾದರೂ, ಯಾವ ಹೊತ್ತಿನಲ್ಲಾದರೂ ನಿಲ್ಲಿಸಬಹುದು. ಫೋನ್ ಕೈಯಲ್ಲಿದ್ದರೂ ದಂಡವೇ, 150 ಡಾಲರ್. ನಮ್ಮ ಫೋನು ಸ್ಟ್ಯಾಂಡಿನಲ್ಲಿತ್ತು. ದಾರಿ ನೋಡುವ ಕೆಲಸ ಮನೆಯವರದು.

ದಿನ 6: ಮಿಲ್ಫರ್ಡ್, ಮಳೆ

ಟೆ ಅನೌನಿಂದ ಮಿಲ್ಫರ್ಡ್‌ಗೆ 118 ಕಿಲೋಮೀಟರ್. ಹಿಂದಿನ ರಾತ್ರಿಯೇ ಟ್ಯಾಂಕ್ ತುಂಬಿಸಿ, ಮ್ಯಾಪ್ ಇಳಿಸಿಕೊಂಡೆವು. ದಾರಿಯಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹಿಮಪಾತದ ಅಪಾಯ ಇರುವ ರಸ್ತೆ. ಮೇ ತಿಂಗಳಿಂದ ನವೆಂಬರ್ ವರೆಗೆ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಬೇಕು. ನಾವು ಹೋದದ್ದು ಬೇಸಿಗೆಯಾದ್ದರಿಂದ ಬೇಕಾಗಲಿಲ್ಲ.

ಬೆಳಿಗ್ಗೆ ಹೊರಟಾಗ ತುಂತುರು. ಒಂದು ಗಂಟೆಯಲ್ಲಿ ಜಡಿಮಳೆ. ಮಿಲ್ಫರ್ಡ್‌ನಲ್ಲಿ ವರ್ಷಕ್ಕೆ ಸುಮಾರು 6,800 ಮಿಲಿಮೀಟರ್ ಮಳೆ ಬೀಳುತ್ತದೆ. ಆಗುಂಬೆಯಲ್ಲಿ 7,000 ದಾಟುತ್ತದೆ. ಹಾಗಾಗಿ ಈ ಒಂದು ದಿನ ನನಗೆ ಊರಿಗೆ ಬಂದ ಹಾಗಾಯಿತು. ಬಂಡೆಯ ಮೇಲೆ ಎಲ್ಲಿ ನೋಡಿದರೂ ನೀರಿನ ಬಿಳಿ ಗೆರೆ. ಪಾಚಿ ಹಿಡಿದ ಮರಗಳು. ಅತ್ತೆ ಕಿಟಕಿಗೆ ಹಣೆ ಒತ್ತಿಕೊಂಡು, "ಜೂನ್ ತಿಂಗಳ ನಮ್ಮ ಘಾಟಿ ನೋಡಿದ ಹಾಗೇ ಉಂಟು" ಅಂದರು. ನಾನು ಮುಂದಿನ ಗಾಡಿಗೂ ನಮಗೂ ನಡುವೆ ಎರಡರಷ್ಟು ಅಂತರ ಬಿಟ್ಟು, ಹೆಡ್‌ಲೈಟ್ ಹಾಕಿಕೊಂಡು ಹೋದೆ.

ಹೋಮರ್ ಸುರಂಗ 1.2 ಕಿಲೋಮೀಟರ್ ಉದ್ದ, 1954ರಲ್ಲಿ ತೆರೆದದ್ದು. ಒಳಗೆ ಕೊರೆದ ಕಲ್ಲು ಹಾಗೇ ಇದೆ. ಇಳಿಜಾರು ಕಡಿದು. ಒಮ್ಮೆಗೆ ಒಂದೇ ಕಡೆಯವರು ಹೋಗಲಿ ಎಂದು ಬಾಯಿಯಲ್ಲಿ ಸಿಗ್ನಲ್ ಇಟ್ಟಿದ್ದಾರೆ. ಕೆಂಪು ದೀಪದಲ್ಲಿ ನಿಂತಾಗ ಕೀಯಾ ಗಿಳಿಗಳು ಬಂದವು. ಪಾಚಿ ಹಸಿರಿನ ದೊಡ್ಡ ಗಿಳಿ, ರೆಕ್ಕೆಯಡಿ ಕಿತ್ತಳೆ ಬಣ್ಣ. ಒಂದು ನಮ್ಮ ಬಾನೆಟ್ ಮೇಲೆ ಕೂತು ವೈಪರ್ ರಬ್ಬರ್ ಎಳೆಯತೊಡಗಿತು. ಪುಟ್ಟ ಬಿಸ್ಕೆಟ್ ಕೊಡುತ್ತೇನೆ ಎಂದು ಹಟ ಹಿಡಿದ. ಕೊಡಬಾರದು ಎಂದು ಅಲ್ಲೇ ಫಲಕ ಇದೆ. ಜನ ತಿನ್ನಿಸಿದರೆ ಅವು ರಸ್ತೆಯಲ್ಲೇ ಉಳಿಯುತ್ತವೆ, ಗಾಡಿಗೆ ಸಿಕ್ಕಿ ಸಾಯುತ್ತವೆ. ಉಳಿದಿರುವುದೇ ಸ್ವಲ್ಪ. ಅತ್ತೆ ಅವನಿಗೆ ಆಗುಂಬೆ ಘಾಟಿಯ ಮಂಗಗಳ ಕಥೆ ಹೇಳಿದರು. ಬಾಳೆಹಣ್ಣಿನ ಆಸೆಗೆ ತಿರುವಿನಲ್ಲಿ ಕೂತ ಮರಿಯೊಂದು ಅವರ ಕಣ್ಣೆದುರೇ ಬಸ್ಸಿಗೆ ಸಿಕ್ಕಿತ್ತಂತೆ. ಅವನು ಬಿಸ್ಕೆಟ್ ಡಬ್ಬಿ ಮುಚ್ಚಿಟ್ಟ.

ದಿನ 7ರಿಂದ 9: ವಾನಕಾ, ಹಾಸ್ಟ್, ಪಡುವಣ ಕರಾವಳಿ

ಇನ್ನು ಒಂಟಿ ಸೇತುವೆಗಳ ವಿಷಯ. ನನಗೆ ಈ ಪ್ರವಾಸದಲ್ಲಿ ಅತಿ ಇಷ್ಟವಾದದ್ದು ಅವೇ.

ನಾವು ಸುತ್ತಿದ ದಕ್ಷಿಣ ದ್ವೀಪದಲ್ಲಿ ಹೆದ್ದಾರಿಯ ಮೇಲೂ ಒಂದೇ ಗಾಡಿ ಹಿಡಿಸುವ ಸೇತುವೆಗಳಿವೆ. ಹಾಸ್ಟ್ ಕಣಿವೆಯಿಂದ ಪಡುವಣ ಕರಾವಳಿಯವರೆಗೆ ಒಂದಾದ ಮೇಲೆ ಒಂದು ಬರುತ್ತಲೇ ಇರುತ್ತವೆ. ಸೇತುವೆಯ ಮುಂಚೆ ಫಲಕದಲ್ಲಿ ಎರಡು ಬಾಣ. ಕೆಂಪು ಅಂಚಿನ ಗುಂಡು ಫಲಕದಲ್ಲಿ ನಮ್ಮ ದಿಕ್ಕಿನ ಬಾಣ ಸಣ್ಣದು, ಕೆಂಪು. ಎದುರಿನದು ದೊಡ್ಡದು, ಕಪ್ಪು. ಅಂದರೆ ನಾವು ಕಾಯಬೇಕು. ನೀಲಿ ಚೌಕ ಫಲಕದಲ್ಲಿ ನಮ್ಮ ಬಾಣ ದೊಡ್ಡದು, ಬಿಳಿ. ಎದುರಿನದು ಸಣ್ಣ ಕೆಂಪು. ಆಗ ಸರದಿ ನಮ್ಮದು. ಆದರೂ ಎದುರಿನ ಗಾಡಿ ಈಗಾಗಲೇ ಸೇತುವೆ ಮೇಲಿದ್ದರೆ ಅದು ದಾಟುವವರೆಗೆ ನಿಲ್ಲಬೇಕು. ಮೊದಲ ಸೇತುವೆಯಲ್ಲಿ ಬಾಣಗಳನ್ನು ಓದಲು ತಡವರಿಸಿದೆ. ಆಮೇಲೆ ಅತ್ತೆಯೇ ಒಂದು ಸೂತ್ರ ಮಾಡಿದರು: "ಕೆಂಪು ಯಾರ ಕಡೆಯೋ ಅವರು ನಿಲ್ಲೂದು." ಮೂರು ದಿನ ಪ್ರತಿ ಸೇತುವೆಗೂ ಹಿಂದಿನ ಸೀಟಿನಿಂದ ತೀರ್ಪು ಬಂತು. "ಕೆಂಪು ನಮ್ಮದು, ನಿಲ್ಲು." "ಕೆಂಪು ಅವರದ್ದು, ಹೋಗು ಮಾರಾಯ್ತಿ."

ಎಂಟನೇ ದಿನ, ಹಾಸ್ಟ್ ಪಾಸ್ ಇಳಿದ ಮೇಲೆ ಒಂದು ಸೇತುವೆಗೆ ಬಂದೆವು. ಕೆಂಪು ನಮ್ಮದು. ನಿಂತೆ. ಆ ಕಡೆಯಿಂದ ಒಂದು ಲಾರಿ ಬಂದು ಸೇತುವೆಯ ಬಾಯಲ್ಲಿ ನಿಂತು, ಹೆಡ್‌ಲೈಟ್ ಎರಡು ಸಲ ಮಿನುಗಿಸಿತು. ನಮ್ಮೂರಿನ ಭಾಷೆಯಲ್ಲಿ ಅದರ ಅರ್ಥ ಗೊತ್ತಲ್ಲ. ನಾನು ಬರುತ್ತಿದ್ದೇನೆ, ನೀನು ತಡಿ. ನಾನು ಇನ್ನೂ ಒಂದು ಅಡಿ ಹಿಂದೆ ಸರಿದು ಕಾದೆ. ಲಾರಿ ಅಲುಗಲಿಲ್ಲ. ಮತ್ತೆ ಮಿನುಗಿಸಿತು. ನಾನೂ ಅಲುಗಲಿಲ್ಲ. ಮಳೆ ಸುರಿಯುತ್ತಿತ್ತು. ಅರ್ಧ ನಿಮಿಷ ಇಬ್ಬರೂ ಹಾಗೇ. ಕೊನೆಗೆ ಚಾಲಕ ಕಿಟಕಿ ಇಳಿಸಿ, ಮಳೆಯಲ್ಲೇ ಕೈ ಹೊರಗೆ ಹಾಕಿ, ಬನ್ನಿ ಬನ್ನಿ ಎಂದು ಕರೆದರು. ಸರದಿ ಅವರದ್ದಾಗಿದ್ದರೂ ನಮಗೆ ಬಿಟ್ಟುಕೊಟ್ಟಿದ್ದರು. ದಾಟುವಾಗ ನಾನು ಕೈ ಮುಗಿದೆ. ಅವರು ಸ್ಟಿಯರಿಂಗ್‌ನಿಂದ ಒಂದು ಬೆರಳು ಎತ್ತಿದರು. ಆ ಸೀಮೆಯಲ್ಲಿ ಎಲ್ಲರೂ ಹಾಗೇ ಒಂದು ಬೆರಳು ಎತ್ತುತ್ತಾರೆ. ನನಗೂ ಅದು ಅಭ್ಯಾಸವಾಯಿತು.

ಹಾಸ್ಟ್ ಹೊಳೆಯ ಸೇತುವೆ 732 ಮೀಟರ್. ಅದೂ ಒಂದೇ ಗಾಡಿಯದ್ದು. ಆ ತುದಿ ಈ ತುದಿಗೆ ಸರಿಯಾಗಿ ಕಾಣದಷ್ಟು ಉದ್ದ. ಅದಕ್ಕೇ ನಡುವೆ ಎರಡು ಕಡೆ ಅಗಲ ಮಾಡಿ ಪಕ್ಕಕ್ಕೆ ನಿಲ್ಲಲು ಜಾಗ ಬಿಟ್ಟಿದ್ದಾರೆ. ನಡುವಿನ ಜಾಗದಲ್ಲಿ ನಾವು ಸರಿದು ನಿಂತೆವು. ಎದುರಿನಿಂದ ಬಂದ ಮೂರು ಕಾರು ದಾಟಿದವು. ಕೆಳಗೆ ಬೂದು ಬಣ್ಣದ ನೀರು, ಬಲಕ್ಕೆ ಮೋಡದೊಳಗೆ ಬೆಟ್ಟ, ಎಡಕ್ಕೆ ಸಮುದ್ರದ ವಾಸನೆ.

ಫಾಕ್ಸ್‌ನಲ್ಲಿ ಒಂದು ರಾತ್ರಿ, ಹೊಕಿಟಿಕಾದಲ್ಲಿ ಒಂದು ರಾತ್ರಿ. ಹೊಕಿಟಿಕಾದ ಅಂಗಡಿಯಲ್ಲಿ ತರಕಾರಿ ಆರಿಸುತ್ತಿದ್ದಾಗ ನಮ್ಮ ಮಾತು ಕೇಳಿ ಒಬ್ಬ ಹುಡುಗಿ "ನೀವು ಕನ್ನಡದವರಾ?" ಎಂದು ಓಡಿ ಬಂದಳು. ಉಡುಪಿಯ ಕಡೆಯವಳು, ನರ್ಸ್. ರಾತ್ರಿ ನಮ್ಮ ಜೊತೆ ಊಟ ಮಾಡಿದಳು. ಅಪ್ಪೆಮಿಡಿ ಬಾಯಿಗಿಟ್ಟು ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು: "ಅಕ್ಕಾ, ನಾಳೆ ಆರ್ಥರ್ಸ್ ಪಾಸ್ ಹತ್ತುವಾಗ ಅವಸರ ಮಾಡಬೇಡಿ. ಬಾಡಿಗೆ ಕಾರಿನವರು ಕೊನೆಯ ದಿನ ವಿಮಾನ ಹಿಡಿಯಲು ಓಡುತ್ತಾರೆ. ನಿಮ್ಮದು ಎಷ್ಟಕ್ಕೆ?" ನಮ್ಮ ವಿಮಾನ ಮರುದಿನಕ್ಕೆ ಎಂದಾಗ ಅವಳ ಮುಖ ಹಗುರಾಯಿತು.

ದಿನ 10: ಆರ್ಥರ್ಸ್ ಪಾಸ್, ವಾಪಸ್

ಆರ್ಥರ್ಸ್ ಪಾಸ್ 920 ಮೀಟರ್. ಒಟಿರಾ ಕಣಿವೆಯ ಮೇಲೆ 1999ರಲ್ಲಿ ಕಟ್ಟಿದ 440 ಮೀಟರ್ ಉದ್ದದ ಸೇತುವೆ ಗಾಳಿಯಲ್ಲಿ ತೇಲಿದ ಹಾಗಿದೆ. ನೋಡುವ ಜಾಗದಲ್ಲಿ ಗಾಳಿಗೆ ಮುಖ ಮಾಡಿ ನಿಲ್ಲಿಸಿದೆ. ಮನೆಯವರು ಬಾಗಿಲನ್ನು ಎರಡು ಕೈಯಲ್ಲಿ ಹಿಡಿದು ಇಳಿದರು.

ಸಂಜೆ ಕ್ರೈಸ್ಟ್‌ಚರ್ಚ್‌ನಲ್ಲಿ ಕಾರು ಒಪ್ಪಿಸಿದೆವು. ಬಾಗಿಲಿನ ವಿಷಯ ನಾವೇ ಮೊದಲು ಹೇಳಿದೆವು. ಅದೇ ಹುಡುಗ ಫೋಟೋ ತೆಗೆದುಕೊಂಡು, ರಿಪೇರಿಯ ಲೆಕ್ಕ ಕಾರ್ಡಿಗೆ ಹಾಕುತ್ತೇವೆ ಅಂದ. ಆರುನೂರು ಡಾಲರ್ ಚಿಲ್ಲರೆ ಬಂತು. ಕೀಲಿ ಕೊಡುವಾಗ ಪುಟ್ಟ ಡ್ಯಾಶ್‌ಬೋರ್ಡಿನ ಬಾಣದ ಸ್ಟಿಕ್ಕರ್ ಕೇಳಿದ. ಹುಡುಗ ಡ್ರಾಯರ್‌ನಿಂದ ಹೊಸದೊಂದು ತೆಗೆದು ಕೊಟ್ಟ. ಈಗ ಅದು ನಮ್ಮ ಮನೆಯ ಫ್ರಿಜ್ ಮೇಲಿದೆ.

ಊರಿಗೆ ಬಂದು ಒಂದು ತಿಂಗಳಿಗೆ ಒಂದು ಇಮೇಲ್ ಬಂತು. 50ರ ಮಿತಿಯಲ್ಲಿ 58. ರಸ್ತೆ ಬದಿಯ ಕ್ಯಾಮೆರಾ. ದಂಡ 30 ಡಾಲರ್. ಅದರ ಮೇಲೆ ವಿಳಾಸ ತಿಳಿಸಿದ್ದಕ್ಕೆ ಕಾರಿನವರ ಶುಲ್ಕ ಬೇರೆ. ದಿನಾಂಕ ನೋಡಿದೆ, ಎರಡನೇ ದಿನ, ಮಧ್ಯಾಹ್ನ. ಕೂತು ಅವತ್ತೇ ಆನ್‌ಲೈನ್‌ನಲ್ಲಿ ಕಟ್ಟಿದೆ. ಅತ್ತೆ ಅಡುಗೆಮನೆಯಿಂದ, "ಎಲ್ಲಿಯದ್ದೇ ಅದು?" ಎಂದು ಕೇಳಿದರು.

"ಸ್ಟ್ರಾಬೆರಿ ತಗೊಂಡೆವಲ್ಲ ಅತ್ತೆ, ಆ ಊರು."